ಒಲೆಯ ಮೇಲಿನ ದೇವರ ವರದಿ

ದಿನಚರಿ ಬರೆಯುವವನಿಗೆ ಮನಸ್ಸಾಕ್ಷಿ ಬೇಕಿಲ್ಲ, ಮಸಿಯಿದ್ದರೆ ಸಾಕು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಲು ಉಕ್ಕಿದ್ದು ಯಾವತ್ತು, ಲೋಕಲ್ ರೈಲು ತಪ್ಪಿದ್ದು ಎಷ್ಟು ಸಲ, ಅಣ್ಣ ಮನೆಗೆ ಬಂದದ್ದು ಎಷ್ಟು ಗಂಟೆಗೆ, ಎಲ್ಲಕ್ಕೂ ನನ್ನಲ್ಲಿ ತಾರೀಖಿದೆ. ಮುಂಬಯಿಯ ವಡಾಲದ ಎರಡು ಕೋಣೆಯ ಮನೆಯಲ್ಲಿ ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ಮತ್ತು ನಾನು. ತಿಂಗಳ ಮೊದಲ ಭಾನುವಾರ ದಿನಚರಿಯ ಸಾರಾಂಶವನ್ನು ಧಾರವಾಡದ ಅಪ್ಪನಿಗೆ ಬರೆದು ಕಳಿಸುವುದು ನನ್ನ ಕೆಲಸ. ಅಪ್ಪ ಮರುಟಪಾಲಿಗೆ ತೀರ್ಪು ಕಳಿಸುತ್ತಾರೆ.

ಈ ಸಲ ಪತ್ರದ ವಾರದಲ್ಲಿ ನನಗೆ ಎರಡು ನೋವು. ಒಂದು ದವಡೆ ಹಲ್ಲಿನದು. ಇನ್ನೊಂದು, ಮಾಟುಂಗಾದ ಟೈಪಿಂಗ್ ಕ್ಲಾಸಿನ ಮೆಟ್ಟಿಲಿಳಿಯುತ್ತಿದ್ದ ವೈನಿಯನ್ನು ಕಂಡುಬಿಟ್ಟದ್ದು. ಸೊಸೆ ನೌಕರಿಗೆ ಹೋಗುವುದೆಂದರೆ ಅಪ್ಪನಿಗೆ ಆಗದ ಮಾತು. ಪತ್ರದಲ್ಲಿ ಒಂದು ಸಾಲು ಬಿದ್ದರೆ ಕ್ಲಾಸು ಅಲ್ಲಿಗೇ ಮುಗಿಯಿತು. ಬೀಳದಿದ್ದರೆ ಇಷ್ಟು ವರ್ಷದ ನನ್ನ ಶಿಸ್ತು ಮುಗಿಯಿತು. ಕೂತಲ್ಲಿ ಕೂರಲಾಗಲಿಲ್ಲ. ಶುಕ್ರವಾರವೊಂದೇ ದಿನ ಪೆನ್ನಿನ ಮುಚ್ಚಳವನ್ನು ಹದಿನಾಲ್ಕು ಸಲ ತೆಗೆದು ಹದಿನಾಲ್ಕು ಸಲ ಹಾಕಿದ್ದೇನೆ.

ಶನಿವಾರ ಚೀನೀ ದಂತವೈದ್ಯರ ಬಳಿ ಹೋದೆ. ಮುಂಬಯಿಯಲ್ಲೇ ಹುಟ್ಟಿದ ಮುದುಕರು. ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದರು. ನಾನು ಎದುರು ಮಾತಾಡಲಾರೆ ಎಂದು ಖಾತ್ರಿಯಾದ ಮೇಲೆ ಮಾತಿಗೆ ಶುರುಮಾಡಿದರು. ಒಳಗಿನ ಅಡಿಗೆಮನೆಯಲ್ಲಿ ಅವರ ಹೆಂಡತಿ, ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದ ಕಾಗದದ ದೇವರ ತುಟಿಗೆ ಬೆರಳಿನಿಂದ ಅಂಟುಪಾಕ ಬಳಿಯುತ್ತಿದ್ದರು. ಇನ್ನೊಂದು ವಾರಕ್ಕೆ ಅವರ ಹೊಸ ವರ್ಷವಂತೆ. ವರ್ಷವಿಡೀ ಒಲೆಯ ಮೇಲೆ ಕೂತು ಮನೆಯವರ ಜಗಳ, ಸುಳ್ಳು, ಸೀದ ಅನ್ನ ಎಲ್ಲವನ್ನೂ ನೋಡಿದ ಈ ದೇವರು ಈಗ ಮೇಲೆ ಹೋಗಿ ಸ್ವರ್ಗದ ಒಡೆಯನಿಗೆ ವರದಿ ಒಪ್ಪಿಸಬೇಕು. ಪಾಕ ಬಳಿದರೆ ಒಳ್ಳೆಯದನ್ನೇ ಆಡುತ್ತಾನೆ, ಇಲ್ಲವೇ ಬಾಯಿ ಅಂಟಿಕೊಂಡು ಸುಮ್ಮನಿರುತ್ತಾನೆ. "ಮುಂಹ್ ಮೀಠಾ ತೋ ರಿಪೋರ್ಟ್ ಭೀ ಮೀಠಾ," ಎಂದರು ವೈದ್ಯರು. ಬಾಯಿ ಸಿಹಿಯಾದರೆ ವರದಿಯೂ ಸಿಹಿ.

ಮನೆಗೆ ಬಂದವನೇ ಹೋದ ವರ್ಷದ ದಿನಚರಿ ತೆಗೆದೆ. ಹನ್ನೆರಡು ಪತ್ರದ ಭಾನುವಾರಗಳಲ್ಲಿ ಹನ್ನೊಂದಕ್ಕೆ ನನ್ನದೇ ಅಕ್ಷರ: "ವೈನಿ ಶೇಂಗಾ ಉಂಡಿ ಮಾಡಿದ್ದರು." ಉಂಡಿಯಿಲ್ಲದ ತಿಂಗಳು ಒಂದೇ, ವೈನಿ ತವರಿಗೆ ಹೋಗಿದ್ದಾಗಿನದು. ಅಣ್ಣ ನೋಡಿದ ಸಿನಿಮಾಗಳನ್ನೆಲ್ಲ ತಾರೀಖಿನ ಸಮೇತ ಅಪ್ಪನಿಗೆ ಬರೆದದ್ದೂ, ಅಣ್ಣ ನಾಲ್ಕು ಪುಟದ ಬೈಗುಳ ತಿಂದದ್ದೂ ಅದೇ ತಿಂಗಳು.

ಭಾನುವಾರ ಇನ್‌ಲ್ಯಾಂಡ್ ಪತ್ರ ಬಿಡಿಸಿಕೊಂಡು ಕೂತೆ. ವೈನಿ ಬಟ್ಟಲು ತಂದಿಟ್ಟರು. ಉಂಡಿಯಲ್ಲ, ಮೆತ್ತನೆಯ ಶಿರಾ.

"ಇದಕ್ಕ ಹಲ್ಲು ಬೇಕಾಗಂಗಿಲ್ಲ, ತಿನ್ರಿ," ಎಂದರು.

ಪತ್ರದ ದಿನವೇ ಯಾಕೆ ಸಿಹಿ ಎಂದು ಕೇಳಿಯೇಬಿಟ್ಟೆ.

"ಬಾಯಿ ತುಂಬಿತ್ತಂದ್ರ ನಿಮ್ಮ ಕೈ ಸ್ವಲ್ಪ ನಿಧಾನ ಆಗತದ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ಮಾಟುಂಗಾದಾಗ ನೀವು ನನ್ನ ನೋಡಿದ್ರಿ. ಪರೀಕ್ಷಾಕ್ಕ ಇನ್ನ ಎರಡು ತಿಂಗಳ ಅದ," ಎಂದರು.

ನಾನು ಬರೆದೆ: "ತೀರ್ಥರೂಪರಿಗೆ, ಒಂದು ಹಲ್ಲು ಕೀಳಿಸಿದೆ. ಉಳಿದಂತೆ ಎಲ್ಲರೂ ಕ್ಷೇಮ." ವೈನಿ ಓದಿ, ಇನ್ನೊಂದು ಚಮಚ ಶಿರಾ ಹಾಕಿದರು. ಹುಮ್ಮಸ್ಸಿನಲ್ಲಿ ಅವರಿಗೆ ಒಲೆಯ ದೇವರ ಕತೆಯನ್ನೂ ಹೇಳಿದೆ. ಬಹಳ ಮೆಚ್ಚಿಕೊಂಡರು.

ಪಾಕ ಬಳಿದಾದ ಮೇಲೆ ಆ ದೇವರನ್ನು ಗೋಡೆಯಿಂದ ಕಿತ್ತು, ಬೆಂಕಿ ಹಚ್ಚಿಯೇ ಮೇಲಕ್ಕೆ ಕಳಿಸುತ್ತಾರೆ ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲ.