ಮನುಷ್ಯರಿಲ್ಲದ ಒಂದು ಫೋಟೋ

ಕ್ಯಾಮೆರಾವನ್ನು ಅದರ ಮೂರು ಕಾಲಿನ ಮೇಲೆ ನಿಲ್ಲಿಸುವುದಷ್ಟೇ ನನ್ನ ಕೆಲಸ. ಮುಂದಿನದನ್ನು ಎಲ್ಲ ಊರಲ್ಲೂ ಊರಿನವರೇ ನೋಡಿಕೊಳ್ಳುತ್ತಾರೆ.

ನಿಜಾಮರ ಕಾಲ. ಕಲಬುರಗಿಯ ಜಗತ್ ಎಂಬಲ್ಲಿ ನನ್ನ ಫೋಟೋ ಅಂಗಡಿ. ಬರುವವರೆಲ್ಲ ಕುಟುಂಬ ಸಮೇತ. ನಡುವೆ ಕುರ್ಚಿಯಲ್ಲಿ ಅಜ್ಜ, ಹಿಂದೆ ಗಂಡುಮಕ್ಕಳು, ಜಮಖಾನೆಯ ಮೇಲೆ ಮೊಮ್ಮಕ್ಕಳು. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿಗಿದ್ದ ಕಾಕಾಗೆ, “ಗದ್ದ ಸ್ವಲ್ಪ ಮ್ಯಾಲೆ” ಅಂದುಬಿಟ್ಟೆ. ಕಾಕಾ ತುತ್ತು ಹಾಗೇ ಹಿಡಿದು ಗದ್ದ ಎತ್ತಿದರು. ಆವತ್ತೇ ತೀರ್ಮಾನಿಸಿದೆ: ಎಲ್ಲಾದರೂ ಹೋಗಿ, ಮನುಷ್ಯರೇ ಇಲ್ಲದ ಒಂದು ಫೋಟೋ ತೆಗೆಯಬೇಕು. ಅದೂ ಆಗದಿದ್ದರೆ ಕ್ಯಾಮೆರಾ ಮಾರಿ, ಮಾವನ ಅಂಗಡಿಯಲ್ಲಿ ಅರಿವೆ ಅಳೆಯುವುದು.

ಗುಡ್ಡದ ಅವಸರ

“ಕಮಲಾಪುರಕ್ಕ ಯಾಕ? ಯಾರದರ ಮದಿವಿ ಅದ ಏನು?” ಅಂದರು ಅವ್ವ.

“ಇಲ್ಲ.”

“ಯಾರರ ತೀರಿ ಹೋಗ್ಯಾರೇನು?”

“ಇಲ್ಲವ್ವ. ಗುಡ್ಡದ ಫೋಟೋ ತೆಗಿಲಾಕ.”

“ಗುಡ್ಡ ಎಲ್ಲಿ ಓಡಿ ಹೊಂಟದ? ಹಬ್ಬ ಮುಗಿಸಿ ಹೋಗು.”

ಹಬ್ಬ ಮುಗಿಯಿತು. ಅದರ ಹಿಂದೆ ಒಬ್ಬ ಬಸುರಿಯ ಕುಬಸ, ಅದರ ಹಿಂದೆ ಒಂದು ಕೂಸಿನ ಜವಳ. ಗುಡ್ಡ ಅವ್ವ ಹೇಳಿದಂತೆ ಅಲ್ಲಿಯೇ ಇತ್ತು. ಕೊನೆಗೆ ಹೆಂಡತಿಯೇ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟು, “ಹೋಗಿ ಬರ್ರಿ. ಮನ್ಯಾಗಿದ್ರ ನೀವು ನನ್ನನ್ನೂ ಎಡಕ್ಕ ಸರಿ, ಬಲಕ್ಕ ಸರಿ ಅಂತೀರಿ” ಎಂದು ಗಾಡಿ ಹತ್ತಿಸಿದಳು.

ಒಬ್ಬರೇ ಹ್ಯಾಂಗ?

ಕಮಲಾಪುರದಲ್ಲಿ ಪಾಟೀಲರ ಮನೆಯಲ್ಲಿ ಇಳಿದುಕೊಂಡೆ. ಊರ ಹಿರಿಯರು, ಸರಕಾರ ಕೊಟ್ಟ ಪೊಲೀಸ್ ಪಾಟೀಲಕಿ ಅವರದೇ. ಬಂದ ಅತಿಥಿಯನ್ನು ಒಂಟಿಯಾಗಿ ಬಿಡುವುದು ಆ ಮನೆಗೆ ದೊಡ್ಡ ಅವಮಾನ. ನಾನು ಹಳ್ಳದ ಕಡೆ ಹೊರಟರೆ ಪಾಟೀಲರೂ ಹೊರಟರು. ಪಾಟೀಲರು ಹೊರಟರೆಂದು ಕಟ್ಟೆಯ ಮೇಲಿದ್ದವರೂ ಹೊರಟರು.

ಹಳ್ಳದ ಆಚೆ ಕೆಂಪು ಬಾಳೆಯ ತೋಟ, ಅದರ ಹಿಂದೆ ಗುಡ್ಡ. ಇದಕ್ಕೇ ಬಂದಿದ್ದೆ. ಕ್ಯಾಮೆರಾ ನಿಲ್ಲಿಸಿ, ಕರಿ ಅರಿವೆಯೊಳಗೆ ತಲೆ ಹಾಕಿದೆ. ಕತ್ತಲು, ನಿಶ್ಶಬ್ದ. ಎಷ್ಟೋ ವರ್ಷಗಳ ಮೇಲೆ ಒಬ್ಬನೇ ಇದ್ದೇನೆ ಅನ್ನಿಸಿತು. ಆಗ ಪಕ್ಕದಲ್ಲಿ ಒಂದು ರುಮಾಲು ತಾಗಿತು. ಪಾಟೀಲರೂ ಅರಿವೆಯೊಳಗೆ ಬಂದಿದ್ದರು.

“ನೀವ್ಯಾಕ್ರಿ ಪಾಟೀಲ್ರೆ?”

“ಒಳಗ ನೀವೊಬ್ಬರ ಇದ್ರಿ. ಬ್ಯಾಸರ ಆದೀತಂತ ಬಂದೆ.”

ಪರದೇಶಿ ತೋಟ

ಮರುದಿನ ಯಾರಿಗೂ ಹೇಳದೆ ಹೋದೆ. ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಬಾಳೆ ತೋಟದ ಯಜಮಾನತಿ ಇಳಕಲ್ ಸೀರೆ ಉಟ್ಟು ಮನೆಮಂದಿಯನ್ನೆಲ್ಲ ಕರೆತಂದಿದ್ದಳು.

“ಅಕ್ಕಾರ, ಬರೇ ತೋಟದ್ದು ತೆಗಿತೀನ್ರಿ,” ಅಂದೆ.

“ಬರೇ ತೋಟ ಏನ್ ಛಂದ ಕಾಣ್ತದರಿ? ಮಂದಿ ನೋಡಿದ್ರ, ಪಾಪ, ಪರದೇಶಿ ತೋಟ, ಇದಕ್ಕ ಯಾರೂ ದಿಕ್ಕಿಲ್ಲ ಅಂತಾರ.”

ಅಜ್ಜನನ್ನು ನಡುವೆ ಕೂರಿಸಿದರು. ಗಂಡುಮಕ್ಕಳು ಹಿಂದೆ ನಿಂತರು. ಮೊಮ್ಮಕ್ಕಳು ಮುಂದೆ ಕೂತರು. ಹೀಗೆ ಕೂಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗಾಡಿಯಲ್ಲಿ ದಿನವಿಡೀ ಕುಲುಕಿಸಿಕೊಂಡು ನಾನು ಬಂದು ಸೇರಿದ್ದು ನನ್ನ ಅಂಗಡಿಗೇ. ತೋಟದ ಒಂದು ಎಲೆಯೂ ಕಾಣದ ಹಾಗೆ ಫೋಟೋ ತೆಗೆದುಕೊಟ್ಟೆ.

ಅಡ್ಡಾಡುವ ವಿದ್ಯೆ

ಉಳಿದದ್ದು ಒಂದೇ ಉಪಾಯ. ಕ್ಯಾಮೆರಾದ ಕಿಂಡಿ ಸಣ್ಣದು ಮಾಡಿ, ಹೆಚ್ಚು ಹೊತ್ತು ತೆರೆದಿಟ್ಟರೆ ನಿಂತದ್ದು ಮಾತ್ರ ಗಾಜಿನ ಮೇಲೆ ಮೂಡುತ್ತದೆ. ಅಡ್ಡಾಡುವವರು ಮೂಡುವುದಿಲ್ಲ.

“ಎಲ್ಲಾರೂ ಅಡ್ಡಾಡ್ರಿ. ಯಾರೂ ನಿಂದ್ರಬ್ಯಾಡ್ರಿ,” ಅಂದೆ, ಮತ್ತೆ ಹಳ್ಳಕ್ಕೆ ಬಂದಿದ್ದ ಊರಿಗೆ.

“ಫೋಟೋಕ್ಕ ಅಲಗಾಡಬಾರದಂತಲ್ರಿ?” ಅಂದರು ಪಾಟೀಲರು.

“ಈಗ ಹೈದರಾಬಾದಿನ ನವಾಬರೆಲ್ಲ ಅಡ್ಡಾಡೇ ತೆಗೆಸ್ತಾರ್ರಿ.”

ಅಷ್ಟು ಸಾಕಾಯಿತು. ಪಾಟೀಲರು ಬೆಳ್ಳಿ ಕಟ್ಟಿನ ಬೆತ್ತ ಹಿಡಿದು, ಎದೆ ಮುಂದೆ ಮಾಡಿ ನಡೆದರು. ಹಿಂದೆ ಊರು ನಡೆಯಿತು. ಪಾಟೀಲರ ಕಾಳಿನ ಕೋಣೆಯನ್ನು ಕತ್ತಲು ಮಾಡಿ ಗಾಜಿನ ಪ್ಲೇಟು ತೊಳೆದೆ. ಬಿಸಿಲಿಗಿಟ್ಟು ಕಾಗದಕ್ಕೆ ಇಳಿಸಿದೆ. ಹಳ್ಳ, ತೋಟ, ಗುಡ್ಡ. ಒಂದು ನರಪಿಳ್ಳೆಯೂ ಇಲ್ಲ. ನಾನು ಇನ್ನು ಅರಿವೆ ಅಳೆಯಬೇಕಾಗಿರಲಿಲ್ಲ.

ಪಾಟೀಲರು ಆ ಕಾಗದದಲ್ಲಿ ಮೂಲೆ ಮೂಲೆ ತಮ್ಮನ್ನು ಹುಡುಕಿದರು. “ನಾ ಎಲ್ಲಿದ್ದೀನ್ರಿ?”

“ಅಡ್ಡಾಡಿದ್ರಲ್ರಿ, ಅದಕ್ಕ ಬಂದಿಲ್ಲ.”

“ಊರಾಗಿನ ಒಬ್ಬರೂ ಬಂದಿಲ್ಲ?”

“ಇಲ್ರಿ.”

ಅವರು ಬಾಗಿಲು ಮುಂದೆ ಎಳೆದು ಮೆಲ್ಲಗೆ ಅಂದರು: “ಮಾಸ್ತರ, ಇದನ್ನ ಕಚೇರಿ ಮಂದಿಗೆ ತೋರಿಸಬ್ಯಾಡ್ರಿ. ಊರಾಗ ಯಾರೂ ಇಲ್ಲ ಅಂತ ನನ್ನ ಪಾಟೀಲಕಿ ತೆಗೆದಾರು.”

ಖಾಲಿ ಜಾಗ

ಕಲಬುರಗಿಗೆ ಬಂದು ಆ ಫೋಟೋವನ್ನು ಅಂಗಡಿಯ ಗೋಡೆಗೆ ಹಾಕಿದೆ. ಕೆಲಸಕ್ಕೆ ಮತ್ತೆ ಜೀವ ಬಂದಿತ್ತು. ಹೆಂಡತಿ ಬಂದು ಬಹಳ ಹೊತ್ತು ಅದನ್ನೇ ನೋಡಿದಳು.

“ಭಾಳ ಛಂದ ಅದ,” ಅಂದಳು. “ನಡುವ ಎಷ್ಟು ಜಾಗ ಖಾಲಿ ಅದ ನೋಡ್ರಿ. ಆರಾಮ ಮೂರು ಕುರ್ಚಿ ಹಿಡೀತಾವ.”

ಒಂದು ತಿಂಗಳೊಳಗೆ ಪೇಟೆಯ ಪೇಂಟರನೊಬ್ಬ ಅದನ್ನು ಕುರ್ಚಿಗಳ ಹಿಂದೆ ತೂಗುಹಾಕಲು ಗೋಡೆಯಗಲದ ಪರದೆಯ ಮೇಲೆ ಬಣ್ಣದಲ್ಲಿ ಬರೆದ. ನನ್ನ ಏಕಾಂತದ ಮುಂದೆ ಕಲಬುರಗಿಯ ಕುಟುಂಬಗಳು ಸಾಲಾಗಿ ಕೂತು ಫೋಟೋ ತೆಗೆಸಿಕೊಂಡವು. ಅಂಗಡಿ ಹಿಂದೆಂದೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ.

ಮಗಳ ಮದುವೆ ಮುಗಿಸಿ ಪಾಟೀಲರೂ ಬಂದರು, ಬೀಗರ ಸಮೇತ. ಎಲ್ಲರನ್ನೂ ಕೂರಿಸಿದೆ. ಪಾಟೀಲರು ಮಾತ್ರ ಹಿಂದೆ ತಿರುಗಿ ಪರದೆಯನ್ನು ನೋಡುತ್ತಲೇ ಇದ್ದರು. ತಮ್ಮೂರನ್ನು ಕಂಡು ಅವರಿಗೆ ಸಂತೋಷವಾಯಿತೆಂದು ನನಗೂ ಸಂತೋಷವಾಯಿತು.

“ಮಾಸ್ತರ, ಇದು ಎಲ್ಲೀದ್ರಿ? ಕಾಶ್ಮೀರ ಏನು?”

ಚೇಷ್ಟೆಯೇನೋ ಎಂದು ಮುಖ ನೋಡಿದೆ. ಇಲ್ಲ. ನೆನಪಾಯಿತು: ಹಳ್ಳದ ದಂಡೆಯಲ್ಲಿ ಅವರು ನೋಡಿದ್ದೆಲ್ಲ ನನ್ನನ್ನು, ಆಮೇಲೆ ಫೋಟೋದಲ್ಲಿ ಹುಡುಕಿದ್ದೆಲ್ಲ ತಮ್ಮನ್ನು.

“ಇಲ್ರಿ,” ಅಂದೆ. “ಇಲ್ಲೇ ಸಮೀಪ.”

“ಎಂಥಾ ಗುಡ್ಡ, ಎಂಥಾ ಹಳ್ಳ! ಅಲ್ಲಿರೋ ಮಂದಿ ಪುಣ್ಯವಂತರು ನೋಡ್ರಿ,” ಎಂದು ಪಾಟೀಲರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. “ನೀವೂ ಅಷ್ಟು ದೂರ ನಮ್ಮೂರಿಗೆ ಬಂದು ಒದ್ದಾಡಿದ್ರಲ್ರಿ ಮಾಸ್ತರ. ಆವಾಗೇ ಈ ಜಾಗಕ್ಕ ಹೋಗಬೇಕಿತ್ತು.”