ಮೀನಖಂಡದ ಮೇಲೆ ನನ್ನ ದಂಡಯಾತ್ರೆ

ಮಗಳ ಮದುವೆಗೆ ಇನ್ನು ಹನ್ನೆರಡು ದಿನ ಇರುವಾಗ ಛತ್ರ, ಅಡುಗೆಯವರು, ವಾಲಗ, ಹೂವು ಎಲ್ಲವೂ ನನ್ನ ಹಿಡಿತದಲ್ಲಿದ್ದವು. ಹಿಡಿತ ತಪ್ಪಿದ್ದು ಒಂದೇ. ನನ್ನ ಎಡಗಾಲು!

ಆ ರಾತ್ರಿ ಸುಖನಿದ್ದೆಯಲ್ಲಿ ಸುಮ್ಮನೆ ಕಾಲು ಚಾಚಿದೆ. ಅಷ್ಟೇ. ಮೀನಖಂಡ ಲಡ್ಡಿನಂತೆ ಉಂಡೆ ಕಟ್ಟಿ ಕಲ್ಲಾಯಿತು. ನಾನು ಕಿರುಚಿದ್ದಕ್ಕೆ ಸಂಜಯನಗರದ ನಮ್ಮ ಬೀದಿಯ ನಾಯಿಗಳೆಲ್ಲ ಒಕ್ಕೊರಲಿನಿಂದ ಉತ್ತರ ಕೊಟ್ಟವು.

"ಏನಾಯ್ತ್ರೀ?" ಎಂದು ಹೆಂಡತಿ ವಿಮಲಾ ಎದ್ದು ಕೂತಳು.

"ಕಾಲು ಹಿಡ್ಕೊಂಡ್ಬಿಟ್ಟಿದೆ ಕಣೇ!"

"ಅಷ್ಟೇನಾ? ಛತ್ರದವ್ರು ಬುಕಿಂಗ್ ಕ್ಯಾನ್ಸಲ್ ಮಾಡಿದ್ರೇನೋ ಅಂದ್ಕೊಂಡೆ" ಎಂದು ಮಗ್ಗುಲಾದಳು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ನನಗೆ ಹೆದರಿಕೆ ಹತ್ತಿತು, ನೋವಿಗಲ್ಲ, ಮಾನಕ್ಕೆ. ಮದುವೆಯ ಹಿಂದಿನ ರಾತ್ರಿ ಯಲಹಂಕದ ಛತ್ರದಲ್ಲಿ ಬೀಗರ ಕಡೆಯವರ ನಡುವೆಯೇ ಮಲಗಬೇಕು. ಅಲ್ಲಿ ಹೀಗೆ ಕಿರುಚಿದರೆ? ಹುಡುಗಿಯ ಅಪ್ಪನಿಗೆ ರಾತ್ರಿ ಹೊತ್ತು ಮೈಮೇಲೆ ಏನೋ ಬರುತ್ತದೆ ಎಂದು ಸುದ್ದಿಯಾದರೆ?

"ಡಾಕ್ಟರಿಗೆ ತೋರ್ಸಿ" ಎಂದಳು ವಿಮಲಾ.

"ಯಃಕಶ್ಚಿತ್ ಒಂದು ಮೀನಖಂಡಕ್ಕೆ ಡಾಕ್ಟರಾ? ಇನ್ನು ಒಂಬತ್ತು ದಿನದಲ್ಲಿ ಅದನ್ನ ಬಗ್ಗಿಸ್ತೀನಿ, ನೋಡ್ತಿರು!" ಎಂದು ಘೋಷಿಸಿದೆ.

ಮೊದಲ ಅಸ್ತ್ರ ನೀರು. ನೀರು ಕಡಿಮೆಯಾದರೆ ಸೆಳೆತ ಬರುತ್ತದೆ ಎಂದು ಪಾರ್ಕಿನ ಗೆಳೆಯರು ಹೇಳಿದ್ದರು. ಹಗಲೆಲ್ಲ ಮದುವೆ ಪತ್ರಿಕೆ ಹಂಚುತ್ತ ಓಡಾಡಿದವನಿಗೆ ಅದು ನೆನಪಾದದ್ದು ಮಲಗುವ ಹೊತ್ತಿಗೆ. ಬಾಕಿ ಉಳಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಇಡೀ ದಿನದ ನೀರನ್ನು ಒಟ್ಟಿಗೇ ಕುಡಿದೆ. ಆ ರಾತ್ರಿ ಸೆಳೆತ ಬರಲಿಲ್ಲ. ಬಚ್ಚಲಿಗೆ ಆರು ಸಲ ಓಡಿದವನಿಗೆ ನಿದ್ದೆ ಬಂದಿದ್ದರೆ ತಾನೇ ಸೆಳೆತ ಬರುವುದು!

ಎರಡನೆಯದು ಸೋಪು. ಹಾಸಿಗೆಯ ಹೊದಿಕೆಯ ಕೆಳಗೆ ಸೋಪಿಟ್ಟರೆ ಸೆಳೆತ ಸುಳಿಯುವುದಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಇಟ್ಟೆ. ನಡುರಾತ್ರಿ ಅದು ಜಾರಿ ನೆಲಕ್ಕೆ ಬಿದ್ದಿತ್ತು. ನೀರು ಕುಡಿಯಲು ಎದ್ದ ನಾನು ಅದರ ಮೇಲೆ ಕಾಲಿಟ್ಟು, ಮಂಚದಿಂದ ಬೀರುವಿನವರೆಗಿನ ದೂರವನ್ನು ಒಂದೇ ಹೆಜ್ಜೆಯಲ್ಲಿ ಕ್ರಮಿಸಿದೆ.

ಮೂರನೆಯದು ವ್ಯಾಯಾಮ. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು ಒತ್ತಬೇಕೆಂದು ಮೊಬೈಲಿನಲ್ಲಿ ತೋರಿಸಿದ್ದರು. ಮನೆಯೊಳಗಿನ ಗೋಡೆಗಳಿಗೆ ಹೊಸ ಬಣ್ಣ ಹೊಡೆಸಿತ್ತು. ಹಾಗಾಗಿ ಮುಸ್ಸಂಜೆ ಕಾಂಪೌಂಡ್ ಗೋಡೆಯನ್ನು ಹಲ್ಲು ಕಚ್ಚಿ ಒತ್ತತೊಡಗಿದೆ. ನಾಲ್ಕನೇ ದಿನ ಗೋಡೆಯಾಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ಮುನಿರಾಜಪ್ಪ. ರಾಜಾನುಕುಂಟೆಯ ಕಡೆಯ ಜಮೀನುದಾರರು, ಈಗ ಮನೆ ಕಟ್ಟಿಸಿ ಮಾರುವವರು.

"ಯಾಕ್ ಸ್ವಾಮಿ, ಎಷ್ಟಿಂಚ್ ಬೇಕಿತ್ತು?"

"ಏನ್ ಎಷ್ಟಿಂಚು?"

"ನಾಕ್ ದಿನದಿಂದ ನೋಡ್ತಾವ್ನಿ. ಜಾಗ ಬೇಕಾದ್ರೆ ಬಾಯ್ಬಿಟ್ಟು ಕೇಳಿ. ಇಂಗೆ ಕತ್ಲಾಗ್ತಿದ್ದಂಗೆ ಗೋಡೆ ತಳ್ಳೋದು ನಿಮ್ಗೆ ಮರ್ಯಾದೇನಾ?"

ಪಂಚೆ ಎತ್ತಿ ಮೀನಖಂಡ ತೋರಿಸಿ ನಿರಪರಾಧಿತ್ವ ಸಾಬೀತು ಮಾಡಬೇಕಾಯಿತು. ಅವರು ಪೂರ್ತಿ ನಂಬಲಿಲ್ಲ. ಮರುದಿನ ಟೇಪು ಹಿಡಿದು ಗೋಡೆ ಅಳೆಸಿದರು.

ಆದರೂ ನಾನು ಸೋಲಲಿಲ್ಲ. ಕಾಲ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದರೆ ಸೆಳೆತ ಬಿಡುತ್ತದೆ ಎಂಬ ಸತ್ಯವನ್ನು ಅಷ್ಟರಲ್ಲಿ ಕಲಿತಿದ್ದೆ. ಮೊದಲೇ ಎಳೆದು ಕಟ್ಟಿಬಿಟ್ಟರೆ? ಮದುವೆಯ ಹಿಂದಿನ ರಾತ್ರಿ ಛತ್ರದ ಹಜಾರದಲ್ಲಿ ಗಂಡಸರೆಲ್ಲ ಜಮಖಾನದ ಮೇಲೆ ಸಾಲಾಗಿ ಮಲಗಿದ ಮೇಲೆ, ನನ್ನ ಜರಿ ಶಲ್ಯವನ್ನು ಪಾದಕ್ಕೆ ಸುತ್ತಿ, ಬಿಗಿಯಾಗಿ ಎಳೆದು, ತುದಿಗಳನ್ನು ಮೊಣಕಾಲಿಗೆ ಬಿಗಿದೆ. ವಿಜಯೋತ್ಸಾಹದಿಂದ ಕಣ್ಣು ಮುಚ್ಚಿದೆ.

ಮೂರು ಗಂಟೆಗೆ ಬಂತು. ಎಡಗಾಲಿಗಲ್ಲ, ಕಟ್ಟದೆ ಬಿಟ್ಟಿದ್ದ ಬಲಗಾಲಿಗೆ!

ದಡಬಡಿಸಿ ಎದ್ದೆ. ಒಂದು ಕಾಲು ಬಂಧನದಲ್ಲಿ, ಇನ್ನೊಂದು ಬಂಡಾಯದಲ್ಲಿ. ಪಕ್ಕದಲ್ಲಿ ಮಲಗಿದ್ದ ಬೀಗರ ಮೇಲೆಯೇ ಬಿದ್ದೆ. "ಮೀನಖಂಡ" ಎನ್ನಲು ಹೊರಟರೆ ನೋವಿಗೆ ಉಸಿರು ಅರ್ಧದಲ್ಲೇ ನಿಂತಿತು.

"ಮೀನಾ! ಅಯ್ಯೋ ಮೀನಾ!"

ದೀಪಗಳು ಹತ್ತಿದವು. ಹೆಂಗಸರು ಮಲಗಿದ್ದ ಕೋಣೆಯ ಬಾಗಿಲು ತೆರೆಯಿತು. ಬೀಗಿತ್ತಿ ಮೀನಾಕ್ಷಮ್ಮ ಜಡೆ ಸುತ್ತಿಕೊಳ್ಳುತ್ತ ಹೊರಬಂದರು. "ಯಾಕ್ರೀ ಕೂಗಿದ್ದು?" ಎಂದು ಗಂಡನನ್ನು ಕೇಳಿದರು.

ನನ್ನ ಕೆಳಗಿನಿಂದಲೇ ಬೀಗರು ಹೇಳಿದರು: "ನಾನಲ್ಲ ಕಣೇ, ಇವ್ರು!"

ವಿಮಲಾ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ನಾನು ಬಲಗಾಲನ್ನಷ್ಟೇ ತೋರಿಸಿದೆ.

ಮೀನಾಕ್ಷಮ್ಮ ನರ್ಸಾಗಿದ್ದು ನಿವೃತ್ತರಾದವರು. ಕುಕ್ಕರಗಾಲಿನಲ್ಲಿ ಕೂತು, ನನ್ನ ಮೊಣಕಾಲು ನೇರ ಮಾಡಿ, ಪಾದವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಹಿಡಿದರು. ಲಡ್ಡು ಕರಗಿತು.

ಮೂಲೆಯಲ್ಲಿ ಎದ್ದು ಕೂತಿದ್ದ ಅವರ ಕಡೆಯ ಅಜ್ಜಿಯೊಬ್ಬರು, "ಹೆಣ್ಣಿನಪ್ಪ ಅಳಿಯನ ಕಾಲು ತೊಳೆಯೋದು ನೋಡಿದೀನಿ. ಗಂಡಿನ ತಾಯಿ ಹೆಣ್ಣಿನಪ್ಪನ ಕಾಲು ಹಿಡಿಯೋದು ಇದೇ ಮೊದ್ಲು!" ಎಂದರು. ಹಜಾರವೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು ದೀಪಾ.

ಬೆಳಿಗ್ಗೆ ಧಾರೆ ಸಾಂಗವಾಗಿ ಆಯಿತು. ಮಧ್ಯಾಹ್ನ ಹೆಣ್ಣೊಪ್ಪಿಸುವ ಹೊತ್ತು. ಎಲ್ಲರ ಕಣ್ಣೂ ಒದ್ದೆ. ವಾರದಿಂದ ಕಂಠಪಾಠ ಮಾಡಿದ್ದ ಮಾತನ್ನು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ದೀಪಾ ಕಣ್ಣೊರೆಸಿಕೊಂಡು, ನನ್ನ ಕೈಯನ್ನು ಎತ್ತಿ ಅತ್ತೆಯ ಕೈಯಲ್ಲಿಟ್ಟಳು.

"ಅತ್ತೆ, ನಾನು ಹೇಗೋ ಇರ್ತೀನಿ. ಅಪ್ಪ ಯಾರ ಮಾತೂ ಕೇಳಲ್ಲ. ನೀವೇ ಸ್ವಲ್ಪ ಹೇಳ್ಬೇಕು."

"ಹಗಲು ಹೊತ್ತು ನೀರು ಕುಡೀರಿ. ಮಲಗೋ ಮುಂಚೆ ಕಾಲನ್ನ ನಿಧಾನಕ್ಕೆ ಎಳೀರಿ. ಕಟ್ಟಬೇಡಿ. ಸೋಮವಾರ ಡಾಕ್ಟರ ಹತ್ರ ಹೋಗ್ಬೇಕು. ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು ಮೀನಾಕ್ಷಮ್ಮ.

ತಲೆಯಾಡಿಸಿದೆ. ಹೆಣ್ಣೊಪ್ಪಿಸಲು ಬಂದವನು ನಾನು. ಒಪ್ಪಿಸಿದ್ದು ನನ್ನನ್ನು!