ತಪ್ಪು ತಿದ್ದಿಕೊಳ್ಳುವ ತಕ್ಕಡಿ

ಹಳೆಯ ಕಂಪ್ಯೂಟರು ಹೋದ ವಾರ ಒಂದಿಷ್ಟು ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಬಂದ ಹೊಸದು ನೋಡುವುದಕ್ಕೇನೋ ಲಕ್ಷಣವಾಗಿತ್ತು. ಆದರೆ ಬೆನ್ನು ತಿರುಗಿಸಿ ನೋಡಿದರೆ ಹಳೆಯ ಯಂತ್ರಗಳ ಕೇಬಲ್ಲು ಸಿಕ್ಕಿಸುವ, ಒಂಬತ್ತು ಕಡ್ಡಿಯ ಸೀರಿಯಲ್ ಪೋರ್ಟ್ ಒಂದೂ ಇಲ್ಲ, ಬರೀ ಚಪ್ಪಟೆ ಯುಎಸ್‌ಬಿ ತೂತುಗಳು. ಬೀಜ ಪರೀಕ್ಷಾ ಕೇಂದ್ರದ ರೇಡಿಯೋಗೆ ಗ್ರಹಚಾರ ಶುರುವಾದದ್ದು ಅಲ್ಲಿಂದ.

ರೇಡಿಯೋ ಅನ್ನುವುದು ಅಡ್ಡಹೆಸರು. ಮನುಷ್ಯ ಮಹಾ ಸಂಕೋಚದವನು. ಎದುರಿಗೆ ಯಾರಾದರೂ ಬಂದು ನಿಂತರೆ ಅವನ ಮಾತು ಗಂಟಲಿನಲ್ಲೇ ಕೂತುಬಿಡುತ್ತಿತ್ತು. ಆದರೆ ಯಂತ್ರದ ಮುಂದೆ ನಿಂತು ಅಂಕಿ ಓದುವಾಗ ಮಾತ್ರ ಅವನ ದನಿ ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು. ಮನಸ್ಸಿನಲ್ಲಿ ಓದಿಕೊಳ್ಳುವುದು ಅವನಿಗೆ ಗೊತ್ತೇ ಇರಲಿಲ್ಲ. ಅಡ್ಡಗೋಡೆಯ ಆಚೆ ಕೂರುವ ಟೈಪಿಸ್ಟ್ ಅಕ್ಕ ಹದಿನೆಂಟು ವರ್ಷದಿಂದ ಆ ಕೂಗು ಕೇಳಿಸಿಕೊಂಡೇ ವರದಿ ಟೈಪು ಮಾಡುತ್ತ ಬಂದಿದ್ದಳು. ಎದ್ದು ಬಂದು ನೋಡುವ ತಾಪತ್ರಯ ಅವಳಿಗಿರಲಿಲ್ಲ, ಚೀಟಿ ಬರೆದುಕೊಡುವ ತಾಪತ್ರಯ ಇವನಿಗಿರಲಿಲ್ಲ.

ಅವನ ಕೋಣೆಯಲ್ಲಿದ್ದದ್ದು ನಾಲ್ಕು ಯಂತ್ರ: ಗಾಜಿನ ಗೂಡಿನೊಳಗಿನ ತಕ್ಕಡಿ, ಬೀಜ ಎಣಿಸುವ ಯಂತ್ರ, ತೇವ ಅಳೆಯುವ ಯಂತ್ರ, ಒಣಗಿಸುವ ಓವನ್. ನಾಲ್ಕೂ ಅವನಷ್ಟೇ ಹಳಬರು. ನಾಲ್ಕನ್ನೂ ಅವನು ಮಕ್ಕಳ ಹಾಗೆ ನೋಡಿಕೊಂಡಿದ್ದ.

ಬೆಳಗ್ಗೆ ಕೇಂದ್ರದ ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು.

"ನೋಡಿ, ಮೂರು ಗಂಟೆಗೆ ದೊಡ್ಡ ಸಾಹೇಬರು ತಪಾಸಣೆಗೆ ಬರ್ತಾರೆ. ನಾಲ್ಕೂ ಯಂತ್ರದ ಅಂಕಿ ತಾನಾಗೇ ಕಂಪ್ಯೂಟರಿಗೆ ಬಂದರೆ ಸರಿ, ಇರಲಿ ಅಂತಾರೆ. ಬರದಿದ್ರೆ ನಾಲ್ಕನ್ನೂ ಗುಜರಿಗೆ ಹಾಕಿ, ಎಲ್ಲಾ ಕೆಲಸ ಒಂದೇ ಮಾಡೋ ಹೊಸ ಯಂತ್ರ ಕಳಿಸ್ತಾರಂತೆ. ಅದಕ್ಕೆ ಜನವೇ ಬೇಡವಂತೆ."

"ಹಾಗಾದ್ರೆ ನಾನು ಸಾರ್?"

"ನಿಮಗೇನು ಯೋಚನೆ? ವಿಚಾರಣೆ ಕೌಂಟರ್ ಖಾಲಿ ಇದೆಯಲ್ಲ!"

ರೇಡಿಯೋನ ಜೀವ ಬಾಯಿಗೆ ಬಂತು. ಹಿಂದೊಮ್ಮೆ ಅರ್ಧ ದಿನ ಆ ಕೌಂಟರಿನಲ್ಲಿ ಕೂತಿದ್ದ. ಬಂದವರೊಬ್ಬರು ಶೌಚಾಲಯ ಎಲ್ಲಿದೆ ಎಂದು ಕೇಳಿದ್ದಕ್ಕೆ ಗಾಬರಿಯಲ್ಲಿ "ಹನ್ನೆರಡು ಪಾಯಿಂಟ್ ನಾಲ್ಕು" ಎಂದುಬಿಟ್ಟಿದ್ದ. ಅವರು ಪಾಪ ಹನ್ನೆರಡನೇ ಕೋಣೆ ಹುಡುಕಿಕೊಂಡು ಹೋಗಿದ್ದರು.

ಹಾಗಂತ ಅವನು ಕೈ ಕಟ್ಟಿ ಕೂತಿರಲಿಲ್ಲ. ನಾಲ್ಕು ಪೋರ್ಟಿನ ಅಡಾಪ್ಟರ್ ಒಂದನ್ನು ಆಗಲೇ ತರಿಸಿಕೊಂಡಿದ್ದ. ಅಂಗೈ ಅಗಲದ ಕಪ್ಪು ಡಬ್ಬಿ. ಒಂದು ಮಗ್ಗುಲಲ್ಲಿ ಒಂಬತ್ತು ಕಡ್ಡಿಯ ನಾಲ್ಕು ಪೋರ್ಟು, ನಾಲ್ಕು ಯಂತ್ರದ ಕೇಬಲ್ಲಿಗೆ. ಇನ್ನೊಂದು ಮಗ್ಗುಲಲ್ಲಿ ಒಂದೇ ಒಂದು ಯುಎಸ್‌ಬಿ ವೈರು, ಕಂಪ್ಯೂಟರಿಗೆ. ಯಾವ ಯಂತ್ರದ ಗುಂಡಿ ಒತ್ತಿದರೂ ಅದರ ಅಂಕಿ ಪರದೆಯ ಮೇಲೆ ಕರ್ಸರ್ ನಿಂತ ಕಡೆ, ಯಾರೋ ಟೈಪು ಮಾಡಿದ ಹಾಗೆ, ಬಂದು ಕೂರಬೇಕು. ಹೊಸ ಕಂಪ್ಯೂಟರಿನ ಜೊತೆ ಬಂದ ತೆಳ್ಳನೆಯ ಕೀಬೋರ್ಡ್ ಕೈಗೆ ಒಗ್ಗಲಿಲ್ಲವೆಂದು ಅದನ್ನು ಬೀರುವಿನ ಮೇಲಿಟ್ಟು, ತನ್ನ ಹಳೆಯ ಕೀಬೋರ್ಡನ್ನೇ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತ.

ಮೊದಲು ತಕ್ಕಡಿಯ ಗುಂಡಿ ಒತ್ತಿದ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ, ಚೌಕ, ನಕ್ಷತ್ರಗಳೆಲ್ಲ ಸಾಲಾಗಿ ಬಂದು ನಿಂತವು.

"ಬೈತಾ ಇದೆ," ಎಂದ ಸ್ಟೋರ್‌ಕೀಪರ್, ಆಗಲೇ ಹಿಂದೆ ಬಂದು ನಿಂತಿದ್ದವನು. ಈತನಿಗೆ ಸ್ಟೋರಿನಲ್ಲಿ ಕೆಲಸ ಕಡಿಮೆ, ಹಾಗಾಗಿ ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವುದಕ್ಕೆ ಸಮಯ ಧಾರಾಳವಾಗಿತ್ತು.

"ಬೈಯೋದಲ್ಲ ಮಾರಾಯ, ವೇಗ ಹೊಂದ್ತಾ ಇಲ್ಲ. ತಕ್ಕಡಿ ನಿಧಾನವಾಗಿ ಮಾತಾಡುತ್ತೆ, ಕಂಪ್ಯೂಟರು ಗಡಿಬಿಡಿಯಲ್ಲಿ ಕೇಳಿಸಿಕೊಳ್ಳುತ್ತೆ."

"ನಮ್ಮಮ್ಮ ಮಾತಾಡಿದ್ದು ನನ್ನ ಹೆಂಡತಿಗೆ ಕೇಳಿಸುತ್ತಲ್ಲ, ಹಾಗೆ ಅನ್ನು."

ಹೋಲಿಕೆ ಸರಿಯಾಗಿಯೇ ಇತ್ತು. ರೇಡಿಯೋ ನಾಲ್ಕು ಯಂತ್ರದ ಹಳೆಯ ಕೈಪಿಡಿಗಳನ್ನು ಹರವಿಕೊಂಡು, ಒಂದೊಂದರ ವೇಗ ಹುಡುಕಿ ಕಂಪ್ಯೂಟರಿಗೆ ಹೇಳಿಕೊಟ್ಟ. ಓವನ್ನಿನ ಕೈಪಿಡಿಯಲ್ಲಿ ಬೇಕಾದ ಪುಟವನ್ನೇ ಜಿರಲೆ ತಿಂದಿತ್ತು. ಅದರ ವೇಗವನ್ನು ಅಂದಾಜಿನಲ್ಲಿ ಹಾಕುತ್ತ, ಏಳನೇ ಸಲಕ್ಕೆ ಹಿಡಿದ. ಹನ್ನೊಂದು ಗಂಟೆಗೆ ನಾಲ್ಕೂ ಯಂತ್ರ ತಿಳಿಯುವ ಹಾಗೆ ಮಾತಾಡಿದವು. ಅವನು ಸಂತೋಷದಲ್ಲಿ ಮುಖ ತೊಳೆಯಲು ಹೋದ.

ಬಂದು ನೋಡಿದರೆ ನಾಲ್ಕೂ ಮೂಕ. ಗುಂಡಿ ಒತ್ತಿದರೆ ಒಂದು ಚುಕ್ಕೆಯೂ ಬರಲಿಲ್ಲ.

"ಯಾರು ಮುಟ್ಟಿದ್ರು?"

"ಯಾರೂ ಇಲ್ಲಪ್ಪ," ಎಂದ ಸ್ಟೋರ್‌ಕೀಪರ್. "ಮುಂದುಗಡೆ ವೈರು ಜೋತಾಡ್ತಾ ಇತ್ತು, ದೊಡ್ಡ ಸಾಹೇಬರು ಬಂದಾಗ ಚೆನ್ನಾಗಿ ಕಾಣಲ್ಲ ಅಂತ ಹಿಂದುಗಡೆ ತೂತಿಗೆ ಹಾಕಿದೆ. ತೂತು ತೂತೇ ಅಲ್ವಾ?"

ಅಲ್ಲ. ಬೇರೆ ತೂತಿಗೆ ಹಾಕಿದ ಕೂಡಲೇ ಕಂಪ್ಯೂಟರು ಅದನ್ನು ಬೇರೆಯೇ ಡಬ್ಬಿ ಎಂದುಕೊಂಡು ನಾಲ್ಕೂ ಪೋರ್ಟಿಗೆ ಹೊಸ ನಂಬರು ಕೊಟ್ಟಿತ್ತು. ಮೂರು, ನಾಲ್ಕು, ಐದು, ಆರು ಇದ್ದದ್ದು ಏಳು, ಎಂಟು, ಒಂಬತ್ತು, ಹತ್ತು ಆಗಿತ್ತು. ರೇಡಿಯೋ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಮತ್ತೆ ನಾಲ್ಕೂ ಸರಿಹೋದವು. ಈ ಸಲ ಸ್ಟೋರ್‌ಕೀಪರನ ಎರಡೂ ಕೈ ಹಿಡಿದುಕೊಂಡು ಹೇಳಿದ, "ನಿನ್ನ ದಮ್ಮಯ್ಯ, ಈ ಡಬ್ಬಿ ಹತ್ತಿರ ಬರಬೇಡ."

"ಬರಲ್ಲ ಬಿಡೋ. ಅದರ ಕಡೆ ಕಣ್ಣೆತ್ತಿಯೂ ನೋಡಲ್ಲ," ಎಂದ ಅವನು. ಆ ಮಾತನ್ನು ನಡೆಸಿಯೂ ಕೊಟ್ಟ.

ಮೂರಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಬಂದರು. ಎತ್ತರದ ಆಳು, ಕನ್ನಡಕವನ್ನು ಹಣೆಗೇರಿಸಿಕೊಂಡು ಎಲ್ಲವನ್ನೂ ಬರಿಗಣ್ಣಿನಲ್ಲಿ ನೋಡುವ ಅಭ್ಯಾಸ. ಕೋಣೆಯ ಸುತ್ತ ಒಮ್ಮೆ ನೋಡಿ, "ವಸ್ತುಸಂಗ್ರಹಾಲಯ ಇದ್ದ ಹಾಗಿದೆ," ಎಂದರು. ನಮ್ಮ ಸಾಹೇಬರು ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕರು.

"ಶುರು ಮಾಡಿ."

ರೇಡಿಯೋ ಬೀಜದ ತಟ್ಟೆಯನ್ನು ತಕ್ಕಡಿಯೊಳಗಿಟ್ಟು ಗುಂಡಿ ಒತ್ತಿದ. ಪರದೆ ಖಾಲಿ. ಅವನ ಗಂಟಲು ಮಾತ್ರ ತನ್ನ ಪಾಡಿಗೆ ತಾನು ಕೂಗಿತು.

"ತೂಕ! ಇಪ್ಪತ್ತಾರು ಪಾಯಿಂಟ್ ನಾಲ್ಕು!"

ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ 26.4 ಬಂದು ಕೂತಿತು.

ರೇಡಿಯೋ ಉಸಿರು ಬಿಟ್ಟ. ದೊಡ್ಡ ಸಾಹೇಬರು ಕನ್ನಡಕ ಕೆಳಗಿಳಿಸಿದರು. "ಸ್ವಲ್ಪ ತಡ ಆಯ್ತಲ್ಲ?"

"ಹಳೇ ಯಂತ್ರ ಸಾರ್, ಯೋಚನೆ ಮಾಡಿ ಹೇಳುತ್ತೆ," ಎಂದು ನಮ್ಮ ಸಾಹೇಬರು ಸಂಭಾಳಿಸಿದರು.

"ಎಣಿಕೆ! ಸಾವಿರದ ಅರವತ್ತನಾಲ್ಕು!"

ಪರದೆಯ ಮೇಲೆ 1046 ಎಂದು ಬಂತು. ಎಣಿಸುವ ಯಂತ್ರದ ಮುಖದ ಮೇಲೆ 1064 ಎಂದು ಕೆಂಪಗೆ ಉರಿಯುತ್ತಿತ್ತು, ದೊಡ್ಡ ಸಾಹೇಬರು ಎರಡನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲಿನ ಕೊನೆಯ ಎರಡು ಅಂಕಿಗಳು ಒಂದೊಂದಾಗಿ ಅಳಿಸಿಹೋದವು. ಆರು ಬಂತು, ನಾಲ್ಕು ಬಂತು. 1064.

"ತಪ್ಪನ್ನ ತಾನೇ ತಿದ್ದಿಕೊಂಡಿತಾ?"

"ತಿದ್ದಿಕೊಂಡಿತು ಸಾರ್," ಎಂದ ರೇಡಿಯೋ. ಅವನಿಗೂ ಇದು ಹೊಸ ಸುದ್ದಿ.

"ಹೊಸ ಯಂತ್ರಗಳೇ ಇದನ್ನ ಮಾಡಲ್ವಲ್ಲ ಮಾರಾಯರೇ! ಮುಂದೆ?"

"ತೇವ! ಹದಿನಾಲ್ಕು ಪಾಯಿಂಟ್ ಎರಡು! ಓವನ್! ನೂರ ಮೂರು ಡಿಗ್ರಿ!"

14.2 ಬಂತು. 103 ಬಂತು. ಆಮೇಲೆ ಯಾರೂ ಯಾವ ಗುಂಡಿಯನ್ನೂ ಒತ್ತದೆ, ಯಾರೂ ಏನನ್ನೂ ಹೇಳದೆ, ಕೆಳಗಿನ ಸಾಲಿನಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು: "ತೇವ ಹೆಚ್ಚಿದೆ. ಈ ಬೀಜವನ್ನು ಮತ್ತೆ ಒಣಗಿಸಿ ತರತಕ್ಕದ್ದು."

ದೊಡ್ಡ ಸಾಹೇಬರು ಓವನ್ನಿನ ಮೇಲೆ ಗೌರವದಿಂದ ಕೈಯಿಟ್ಟರು, ಸುಟ್ಟಿತೆಂದು ತೆಗೆದರು. "ಷರಾ ಕೂಡ ಬರೆಯುತ್ತೆ! ಇಪ್ಪತ್ತು ವರ್ಷದ ಯಂತ್ರ, ಅಧಿಕಾರಿ ಹಾಗೆ ಷರಾ ಬರೆಯುತ್ತೆ! ಏನ್ರೀ, ಇದನ್ನೆಲ್ಲ ಒಬ್ಬರೇ ಮಾಡಿದ್ರಾ?"

ರೇಡಿಯೋ ಬಾಯಿ ತೆರೆದ, ಮಾತು ಬರಲಿಲ್ಲ. ಅದನ್ನು ವಿನಯವೆಂದು ತಿಳಿದು ದೊಡ್ಡ ಸಾಹೇಬರು ಅವನ ಬೆನ್ನು ತಟ್ಟಿದರು. ಯಂತ್ರಗಳು ಇಲ್ಲೇ ಇರಲಿ, ಗುಜರಿಯ ಮಾತೇ ಬೇಡ ಎಂದು ಎಲ್ಲರೆದುರು ಹೇಳಿ, ನಮ್ಮ ಸಾಹೇಬರ ಕೋಣೆಗೆ ಟೀ ಕುಡಿಯಲು ನಡೆದರು.

ರೇಡಿಯೋ ಸ್ಟೂಲಿನ ಮೇಲೆ ಕುಸಿದು ಕೂತ. ಹೊಟ್ಟೆ ತಣ್ಣಗಾಗಿತ್ತು. ತಕ್ಕಡಿಯ ಗಾಜನ್ನು ಅಂಗಿಯ ತೋಳಿನಿಂದ ಒರೆಸಿ, "ನೀನು ಇಷ್ಟು ಜಾಣ ಅಂತ ಇಷ್ಟು ವರ್ಷ ಹೇಳಲೇ ಇಲ್ವಲ್ಲೋ," ಎಂದ. ಅವನ ಜೀವನದಲ್ಲಿ ಇಷ್ಟು ಸಂತೋಷದ ಹತ್ತು ನಿಮಿಷ ಹಿಂದೆ ಬಂದಿರಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಟೈಪಿಸ್ಟ್ ಅಕ್ಕ ಅಡ್ಡಗೋಡೆ ಸುತ್ತಿ ಬಂದಳು. ಕೈಯಲ್ಲಿ ತೆಳ್ಳನೆಯ ಕೀಬೋರ್ಡು.

"ಏನೋ ಇದು ದರಿದ್ರ! ನೀನು ಕೂಗಿದ್ದನ್ನೆಲ್ಲ ಹೊಡೆದಿದೀನಿ, ಷರಾನೂ ಹೊಡೆದಿದೀನಿ. ಈಗ ತಲೆಯೆತ್ತಿ ನೋಡಿದ್ರೆ ನನ್ನ ಪರದೆ ಮೇಲೆ ಒಂದಕ್ಷರ ಇಲ್ಲ!"

ಗೋಡೆ ನೋಡುತ್ತ ಟೈಪು ಮಾಡಬೇಕೆಂದು ಕಲಿತ ಕಾಲದವಳು ಅವಳು. ಮುಗಿಯುವ ತನಕ ಪರದೆಯ ಕಡೆ ತಿರುಗುತ್ತಿರಲಿಲ್ಲ. ತಪ್ಪು ಹೊಡೆದರೆ ಬೆರಳಿಗೇ ಗೊತ್ತಾಗುತ್ತಿತ್ತು.

"ಅಕ್ಕಾ, ಈ ಕೀಬೋರ್ಡ್ ನಿಮಗೆ ಯಾರು ಕೊಟ್ರು?"

"ಸ್ಟೋರ್‌ಕೀಪರ್. ನನ್ನದರಲ್ಲಿ ಐದರ ಗುಂಡಿ ಒತ್ತಿದ್ರೆ ಮೇಲಕ್ಕೇ ಬರಲ್ಲ ಅಂತ ಗೋಳಾಡಿದ್ದಕ್ಕೆ ಊಟದ ಹೊತ್ತಲ್ಲಿ ಬೀರು ಮೇಲಿಂದ ಇಳಿಸಿ ಕೊಟ್ಟ. ವೈರಿಲ್ಲದ್ದು, ಎಲ್ಲಿ ಬೇಕಾದ್ರೂ ಇಟ್ಕೊಳ್ಳಿ ಅಂದ."

ರೇಡಿಯೋ ಕಂಪ್ಯೂಟರಿನ ಬೆನ್ನ ಹಿಂದೆ ಬಗ್ಗಿ ನೋಡಿದ. ಆ ಕೀಬೋರ್ಡಿನ ಮಾತು ಕೇಳಿಸಿಕೊಳ್ಳುವ, ಉಗುರಿನಷ್ಟು ಚಿಕ್ಕ ತುಂಡು ಮೊದಲ ದಿನದಿಂದಲೂ ಅಲ್ಲೇ ಚುಚ್ಚಿಕೊಂಡಿತ್ತು. ಅಕ್ಕ ಗೋಡೆಯಾಚೆ ಹೊಡೆದದ್ದೆಲ್ಲ ಈಚೆ ಬಂದಿತ್ತು. ಹಾಗಾದರೆ ಡಬ್ಬಿ? ಡಬ್ಬಿಯ ದೀಪ ಆರಿತ್ತು. ಅದರ ವೈರು ನೆಲದ ಮೇಲೆ ಬಿದ್ದಿತ್ತು, ಅದಿರಬೇಕಾದ ತೂತಿನಲ್ಲಿ ಫೋನೊಂದು ಹಾಯಾಗಿ ಚಾರ್ಜಾಗುತ್ತಿತ್ತು.

"ಅದು ನಂದು ಕಣಪ್ಪಾ," ಎನ್ನುತ್ತ ಕಸ ಗುಡಿಸುವ ಚಿಕ್ಕಮ್ಮ ಒಳಗೆ ಬಂದಳು. "ಊಟ ಆದಮೇಲೆ ಹಾಕಿದ್ದೆ. ನೂರಾಯ್ತಾ ನೋಡು."

ನೂರಾಗಿತ್ತು.

ರೇಡಿಯೋ ಫೋನು ಕಿತ್ತು ಕೊಟ್ಟು, ಡಬ್ಬಿಯ ವೈರನ್ನು ಅದೇ ತೂತಿಗೆ ಸಿಕ್ಕಿಸಿದ. ನಾಲ್ಕೂ ಗುಂಡಿ ಒತ್ತಿದ. ನಾಲ್ಕೂ ಅಂಕಿ ಥಟ್ಟನೆ, ಒಂದಿಷ್ಟೂ ತಡವಿಲ್ಲದೆ ಬಂದವು. ಬೇಕೆಂದೇ ತಟ್ಟೆಯನ್ನು ಅಲ್ಲಾಡಿಸಿ ತಕ್ಕಡಿಯಿಂದ ತಪ್ಪು ತೂಕ ಹೇಳಿಸಿದ. ತಪ್ಪು ತೂಕ ಪರದೆಯ ಮೇಲೆ ಗಟ್ಟಿಯಾಗಿ ಕೂತಿತು, ತಿದ್ದಿಕೊಳ್ಳಲಿಲ್ಲ. ಷರಾಕ್ಕಾಗಿ ಎರಡು ನಿಮಿಷ ಕಾದ. ಅದೂ ಬರಲಿಲ್ಲ.

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ದೊಡ್ಡ ಸಾಹೇಬರ ಕಾರು ಹೊರಟ ಸದ್ದು ಕೇಳಿದ್ದೇ ಸಾಹೇಬರ ಕೋಣೆಗೆ ಹೋಗಿ, ಜೀವನದಲ್ಲಿ ಮೊದಲ ಸಲ ತಡವರಿಸದೆ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಅಕ್ಕ ಬಾಗಿಲಲ್ಲಿ ನಿಂತು ಅಲ್ಲಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದಳು.

ಸಾಹೇಬರು ಖಾಲಿ ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು.

"ಈಗ ನಿಜವಾಗಿ ಕೆಲಸ ಮಾಡ್ತಾ ಇದೆ ಅಂದ್ರಲ್ಲ?"

"ಹೌದು ಸಾರ್. ಪೂರ್ತಿ ಸರಿಯಾಗಿದೆ. ತಾನಾಗೇ ತಿದ್ದಿಕೊಳ್ಳಲ್ಲ, ಷರಾ ಬರೆಯಲ್ಲ, ಅಷ್ಟೇ."

"ದೊಡ್ಡ ಸಾಹೇಬರು ಇಲ್ಲೇ ಕೂತು ಮೇಲಕ್ಕೆ ಫೋನ್ ಮಾಡಿದ್ರು ಕಣ್ರೀ. ಅವರು ಹೇಳಿದ್ದೇ ಆ ಎರಡು ವಿಷಯ." ಸಾಹೇಬರು ಲೋಟ ಕೆಳಗಿಟ್ಟರು. "ಸೋಮವಾರದಿಂದ ಉಳಿದ ಏಳು ಕೇಂದ್ರಕ್ಕೂ ನೀವು ಹೋಗಬೇಕು. ಒಂದೊಂದು ಕಡೆ ಒಂದೊಂದು ವಾರ. ಡಬ್ಬಿ ಕೂರಿಸಬೇಕು, ಎಲ್ಲರ ಮುಂದೆ ನಿಂತು ಭಾಷಣ ಮಾಡಿ ವಿವರಿಸಬೇಕು. ಹೋದಲ್ಲೆಲ್ಲ ಜನ ಸೇರಿಸ್ತಾರಂತೆ."

ಯಂತ್ರಗಳು ಕೋಣೆಯಲ್ಲಿ ಉಳಿದವು, ಕೋಣೆ ಬಿಟ್ಟು ಹೊರಡುವವನು ತಾನೇ ಎಂಬುದು ರೇಡಿಯೋಗೆ ಮೆಲ್ಲಗೆ ತಲೆಗಿಳಿಯಿತು. ಕೌಂಟರಿನಲ್ಲಿ ಒಬ್ಬೊಬ್ಬರಾಗಿ ಬರುತ್ತಿದ್ದರು, ಭಾಷಣಕ್ಕೆ ಒಟ್ಟಿಗೇ ಬರುತ್ತಾರೆ. ಆದರೂ ತಕ್ಕಡಿ ಗುಜರಿಗೆ ಹೋಗುವುದಿಲ್ಲವಲ್ಲ, ಅಷ್ಟಾದರೂ ಆಯಿತಲ್ಲ ಎಂದು ಮನಸ್ಸು ಒಳಗೊಳಗೇ ಹಿಗ್ಗಿತು.

"ಸಾರ್, ಅಲ್ಲಿ ಹೋದಮೇಲೆ ತಿದ್ದೋದು ಯಾರು? ಷರಾ ಬರೆಯೋದು ಯಾರು?"

"ಅದಕ್ಕೇ ಎರಡು ಟಿಕೆಟ್ ಮಾಡಿಸ್ತಾ ಇದೀನಿ," ಎಂದು ಸಾಹೇಬರು ಫೋನು ಎತ್ತಿಕೊಂಡು ಬಾಗಿಲ ಕಡೆ ನೋಡಿದರು.

ಅಕ್ಕ ಸೆರಗು ಸರಿಮಾಡಿಕೊಂಡಳು. "ಬರೋಕೆ ನನ್ನದೇನೂ ಅಡ್ಡಿಯಿಲ್ಲ ಸಾರ್, ನಾಲ್ಕು ಊರು ನೋಡಿದ ಹಾಗಾಗುತ್ತೆ. ಆದರೆ ಏಳು ಕಡೆ ನನ್ನನ್ನ ಎಲ್ಲಿ ಬಚ್ಚಿಡ್ತೀರಿ, ಅದನ್ನೊಂದು ಈಗಲೇ ಹೇಳಿಬಿಡಿ."